ಬಿಟ್ಟಿ ಮೇಜು ಕೊಟ್ಟವರು ಯಾರು?

ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದ ಮೇಳ ಎಲ್ಲೇ ನಡೆಯಲಿ, ಅಲ್ಲಿ ಒಂದು ಸಾಲು ಮೇಜುಗಳು ಇದ್ದೇ ಇರುತ್ತವೆ. ಮೇಲೊಂದು ಬಟ್ಟೆ, ಎರಡು ಲ್ಯಾಪ್‌ಟಾಪ್, ಸ್ಟಿಕ್ಕರ್‌ಗಳ ರಾಶಿ, ಅಂಚಿನಲ್ಲಿ ಕಾಣಿಕೆ ಡಬ್ಬಿ. ಹಿಂದೆ ನಿಂತವರು ಸಂಬಳಕ್ಕೆ ನಿಂತವರಲ್ಲ. ಕಚೇರಿಗೆ ರಜೆ ಹಾಕಿ, ಪ್ರಯಾಣದ ಖರ್ಚನ್ನು ಎಷ್ಟೋ ಸಲ ತಾವೇ ಭರಿಸಿ ಬಂದವರು. ಮೇಜಿಗೆ ಬಾಡಿಗೆಯೂ ಇಲ್ಲ. ಯಾಕಿಲ್ಲ? ಆ ಜಾಗ ಬಿಟ್ಟುಕೊಟ್ಟವರು ಯಾರು, ಅವರಿಗೇನು ಸಿಗುತ್ತದೆ? ಈ ಪ್ರಶ್ನೆಗೆ ಕಳೆದ 30 ವರ್ಷಗಳಲ್ಲಿ ಒಂದೇ ಉತ್ತರ ಇದ್ದಿಲ್ಲ. ಉತ್ತರ ಬದಲಾದಾಗಲೆಲ್ಲ ಮಳಿಗೆ ನಡೆಸುವವರ ತಲೆನೋವೂ ಬದಲಾಗಿದೆ.

ಮುಕ್ತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್ ಶುರುವಾದದ್ದು 1993ರಲ್ಲಿ, ಅಂಥ ಕಂಪ್ಯೂಟರಿನ ಪರದೆ ರೂಪಿಸುವ ಕೆಡಿಇ 1996ರಲ್ಲಿ, ಗ್ನೋಮ್ 1997ರಲ್ಲಿ. ಮೂರೂ ಇಮೇಲ್‌ನಲ್ಲೇ ಬೆಳೆದ ಕೂಸುಗಳು. ವರ್ಷಗಟ್ಟಲೆ ಒಟ್ಟಿಗೆ ಕೋಡ್ ಬರೆದವರು ಒಬ್ಬರ ಮುಖ ಒಬ್ಬರು ನೋಡಿರುತ್ತಿರಲಿಲ್ಲ. 1996ರಲ್ಲಿ ಜರ್ಮನಿಯ ಕೈಸರ್ಸ್‌ಲಾಟರ್ನ್ ವಿಶ್ವವಿದ್ಯಾಲಯದಲ್ಲಿ ಲಿನಕ್ಸ್‌ಟಾಗ್ ಎಂಬ ಲಿನಕ್ಸ್ ಮೇಳ ಮೊದಲ ಬಾರಿಗೆ ನಡೆಯಿತು. ಅಂಥ ಕೂಟಗಳಲ್ಲಿ ಭಾಷಣಕಾರರು, ಪ್ರದರ್ಶಕರು, ಪ್ರೇಕ್ಷಕರು ಎಂಬ ಭೇದ ಹೆಚ್ಚೇನೂ ಇರುತ್ತಿರಲಿಲ್ಲ. ಕಂಪ್ಯೂಟರ್ ತಂದವರೆಲ್ಲ ಪ್ರದರ್ಶಕರೇ. ಜಾಗ ವಿಶ್ವವಿದ್ಯಾಲಯದ್ದು, ಖಾಲಿ ಬಿದ್ದದ್ದು. ಅದಕ್ಕೆ ಬೆಲೆ ಕಟ್ಟಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಬೆಲೆ ಕಟ್ಟುವವರು ಬಂದದ್ದು 1999ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಐಡಿಜಿ ಸಂಸ್ಥೆ ಮೊದಲ ಲಿನಕ್ಸ್‌ವರ್ಲ್ಡ್ ಮೇಳ ಏರ್ಪಡಿಸಿತು, ಆಗಸ್ಟ್‌ನಲ್ಲಿ ಅದೇ ಊರಿನಲ್ಲಿ ಇನ್ನೊಂದು. ಎರಡನೆಯದು ನಡೆಯುತ್ತಿದ್ದಾಗಲೇ, ಆಗಸ್ಟ್ 11ರಂದು, ಲಿನಕ್ಸ್ ಮಾರುವ ಕಂಪನಿ ರೆಡ್ ಹ್ಯಾಟ್ ಷೇರುಪೇಟೆಗೆ ಇಳಿಯಿತು. ಡಿಸೆಂಬರ್ 9ರಂದು ಲಿನಕ್ಸ್ ಕಂಪ್ಯೂಟರ್ ಮಾರುತ್ತಿದ್ದ ವಿಎ ಲಿನಕ್ಸ್ ಕಂಪನಿಯ ಷೇರಿನ ಬೆಲೆ ಒಂದೇ ದಿನದಲ್ಲಿ ಸುಮಾರು 700% ಏರಿತು. ಇಷ್ಟಾದ ಮೇಲೆ ಲಿನಕ್ಸ್ ಮೇಳ ಎಂದರೆ ವಾಣಿಜ್ಯ ಮೇಳವೇ. ಜಾಗಕ್ಕೆ ಚದರ ಅಳತೆಯ ಲೆಕ್ಕದಲ್ಲಿ ದರ. ಕಾರ್ಪೆಟ್ಟಿಗೆ, ಕರೆಂಟಿಗೆ, ಇಂಟರ್ನೆಟ್ ಸಂಪರ್ಕಕ್ಕೆ ಬೇರೆ ಬೇರೆ ಬಿಲ್ಲು. ಅಮೆರಿಕದ ಹಲವು ಪ್ರದರ್ಶನ ಕೇಂದ್ರಗಳಲ್ಲಿ ಕೈಯಲ್ಲಿ ಹಿಡಿಯಲಾಗದಷ್ಟು ಸಾಮಾನಿದ್ದರೆ ಅದನ್ನು ಒಳಗೆ ಸಾಗಿಸುವುದು ಕೂಡ ಅಲ್ಲಿನ ಕಾರ್ಮಿಕ ಸಂಘದವರ ಹಕ್ಕು, ಅದಕ್ಕೂ ದುಡ್ಡು. ಬ್ಯಾಂಕ್ ಖಾತೆಯೇ ಇಲ್ಲದ ಪ್ರಾಜೆಕ್ಟ್‌ಗಳು ಇದನ್ನೆಲ್ಲ ಎಲ್ಲಿಂದ ಕಟ್ಟಬೇಕು?

ಆದರೆ ಅವರಿಲ್ಲದೆ ಮೇಳದವರಿಗೂ ಗತಿಯಿರಲಿಲ್ಲ. ಕಂಪನಿಗಳು ಮಾರುತ್ತಿದ್ದ ಸರಕನ್ನು ಬರೆದವರೇ ಮೇಳದಲ್ಲಿ ಕಾಣದಿದ್ದರೆ ಟಿಕೆಟ್ ಕೊಂಡು ಬಂದವರು ಸುಮ್ಮನಿರುತ್ತಾರೆಯೇ? ಹಾಗೆ ಹುಟ್ಟಿದ್ದು ಲಾಭರಹಿತ ಪ್ರಾಜೆಕ್ಟ್‌ಗಳಿಗೆ ಉಚಿತವಾಗಿ ಮೀಸಲಿಟ್ಟ ಮೂಲೆ. ಲಿನಕ್ಸ್‌ವರ್ಲ್ಡ್‌ನಲ್ಲಿ ಅದಕ್ಕೆ, ಇಂಥವರ ವೆಬ್ ವಿಳಾಸದ ಬಾಲ ನೆನಪಿಸುವ, ಡಾಟ್ ಆರ್ಗ್ ಪೆವಿಲಿಯನ್ ಎಂಬ ಹೆಸರು, ಲಂಡನ್ನಿನ ಒಲಿಂಪಿಯಾ ಪ್ರದರ್ಶನ ಕೇಂದ್ರದ ಮೇಳದಲ್ಲಿ ಡಾಟ್ ಆರ್ಗ್ ವಿಲೇಜ್. ಇದನ್ನು ದಾನವೆಂದು ಹೊಗಳುವವರಿದ್ದಾರೆ. ನನ್ನ ಪ್ರಕಾರ ಇದು ಶುದ್ಧ ವ್ಯಾಪಾರ, ಅದರಲ್ಲಿ ತಪ್ಪೇನೂ ಇಲ್ಲ. ಜನ ಸೆಳೆಯುವವರಿಗೆ ಜಾಗ, ಬಂದ ಜನರನ್ನು ದಾರಿಯಲ್ಲಿ ಮಾತಾಡಿಸುವ ಅವಕಾಶ ದುಡ್ಡು ಕೊಟ್ಟವರಿಗೆ.

ಬಿಟ್ಟಿ ಜಾಗಕ್ಕೆ ಷರತ್ತುಗಳು ಅಂಟಿಕೊಂಡೇ ಬರುತ್ತವೆ. ಮಾರಾಟ ಕೂಡದು, ಬಾಗಿಲು ತೆರೆದಿರುವಷ್ಟು ಹೊತ್ತೂ ಮಳಿಗೆಯಲ್ಲಿ ಜನ ಇರಬೇಕು, ಕೊನೆಯ ದಿನ ಗಂಟೆ ಬಾರಿಸುವ ಮೊದಲು ಗಂಟು ಕಟ್ಟಬಾರದು. ಇವುಗಳಲ್ಲಿ ಮಳಿಗೆಯ ಸಂಘಟಕರ ಬೆವರಿಳಿಸುವುದು ನಡುವಿನದು. ವಾಣಿಜ್ಯ ಮೇಳಗಳು ನಡೆಯುವುದು ವಾರದ ನಡುವೆ. ಕಂಪನಿ ಉದ್ಯೋಗಿಗೆ ಅದು ಕೆಲಸದ ದಿನ, ಸ್ವಯಂಸೇವಕನಿಗೆ ಕಳೆದುಕೊಂಡ ರಜೆ.

ಲೆಕ್ಕ ಹಾಕಿ ನೋಡಿ. ಮೂರು ದಿನದ ಮೇಳ, ದಿನಕ್ಕೆ ಎಂಟು ಗಂಟೆ, ಯಾವ ಹೊತ್ತಿಗೂ ಇಬ್ಬರು. ಒಬ್ಬರೇ ಇದ್ದರೆ ಶೌಚಾಲಯಕ್ಕೂ ಹೋಗಲಾಗದು, ಲ್ಯಾಪ್‌ಟಾಪ್ ಕಾಯುವವರಿರುವುದಿಲ್ಲ. ಒಟ್ಟು 48 ಗಂಟೆಗಳ ದುಡಿಮೆ. ನಾಲ್ಕು ಗಂಟೆಯ ಪಾಳಿಯಾದರೆ 12 ಪಾಳಿ. ಆರು ಮಂದಿ ತಲಾ ಎರಡು ಪಾಳಿ ನಿಂತರೆ ಸರಿಹೋಯಿತು ಎಂದು ಕಾಗದ ಹೇಳುತ್ತದೆ. ಆದರೆ ಅವರಲ್ಲಿ ಇಬ್ಬರಿಗೆ ಎರಡನೇ ದಿನ ಭಾಷಣವಿರುತ್ತದೆ, ಒಬ್ಬರಿಗೆ ಎಲ್ಲ ಭಾಷಣಗಳನ್ನೂ ಕೇಳುವ ಆಸೆ, ಇನ್ನೊಬ್ಬರು ಕೊನೆಯ ದಿನ ಮಧ್ಯಾಹ್ನದ ರೈಲು ಹಿಡಿಯುವವರು. ಆ ಕೊನೆಯ ಮಧ್ಯಾಹ್ನವೇ ಎಲ್ಲ ಸಂಘಟಕರ ಪಾಲಿನ ಗಂಡಾಂತರ. ಸಾಮಾನು ಕಟ್ಟಲು ಹೆಚ್ಚು ಕೈ ಬೇಕಾದಾಗ ಉಳಿದಿರುವ ಕೈಗಳು ತೀರಾ ಕಡಿಮೆ. ಸಾಲದ್ದಕ್ಕೆ ಪ್ರದರ್ಶಕರ ಪಾಸಿಗಾಗಿ ವಾರಗಳ ಮೊದಲೇ ಹೆಸರು ಕೊಡಬೇಕು, ಸ್ವಯಂಸೇವಕರೋ ಹಿಂದಿನ ಸಂಜೆಯವರೆಗೂ ‘ನೋಡ್ತೀನಿ’ ಎನ್ನುವವರು.

ಮೇಜಿನ ಮೇಲಿನ ಸಾಮಾನಿನದೂ ದೊಡ್ಡ ಕಥೆ. ಕಂಪನಿಗೆ ಗೋದಾಮಿದೆ, ಪ್ರಾಜೆಕ್ಟ್‌ನ ಬ್ಯಾನರು ಕಳೆದ ವರ್ಷ ಯಾರ ಕಾರಿನಲ್ಲಿ ಹೋಯಿತೋ ಅವರ ಮನೆಯ ಅಟ್ಟದಲ್ಲಿ ಇರುತ್ತದೆ. ಅವರು ಈ ವರ್ಷ ಬರುವುದಿಲ್ಲ ಎಂಬುದು ಮೇಳಕ್ಕೆ ಒಂದು ವಾರವಿದ್ದಾಗ ಗೊತ್ತಾಗುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸು, ಟೇಪು, ಕತ್ತರಿ, ಲ್ಯಾಪ್‌ಟಾಪ್ ಬೀಗ, ಮೇಜಿನ ಕೆಳಗೆ ಖಾಲಿ ಪೆಟ್ಟಿಗೆ ಮರೆಮಾಚುವಷ್ಟು ಉದ್ದದ ಬಟ್ಟೆ: ಇವುಗಳಲ್ಲಿ ಯಾವುದಾದರೊಂದು ಮರೆತೇ ಹೋಗುತ್ತದೆ. ಡೆಬಿಯನ್‌ನವರು ಮಳಿಗೆ ಹಾಕುವವರಿಗಾಗಿಯೇ ಒಂದು ಪಟ್ಟಿ ಬರೆದಿಟ್ಟಿದ್ದಾರೆ. ಇನ್ನು ಸಾವಿರಾರು ಫೋನುಗಳಿರುವ ಸಭಾಂಗಣದಲ್ಲಿ ವೈಫೈ ಕೈಕೊಡುವುದು ಖಚಿತ. ಅನುಭವಸ್ಥರು ತೋರಿಸಬೇಕಾದ್ದನ್ನೆಲ್ಲ ಡಿಸ್ಕಿನಲ್ಲೇ ತುಂಬಿಕೊಂಡು ಬರುತ್ತಾರೆ.

ಇಷ್ಟೆಲ್ಲ ಒದ್ದಾಡಿ ನಿಂತ ಮೇಲೂ ಒಂದು ಕೆಟ್ಟ ಚಾಳಿ ತಪ್ಪದು. ಹತ್ತು ತಿಂಗಳ ಮೇಲೆ ಭೇಟಿಯಾದ ಗೆಳೆಯರು ಕುರ್ಚಿ ಎಳೆದು ಕೂತು, ಪರದೆ ನೋಡುತ್ತ ಯಾವುದೋ ಬಗ್ (ತಂತ್ರಾಂಶದ ದೋಷ) ಬಿಡಿಸುವುದರಲ್ಲಿ ಮುಳುಗುತ್ತಾರೆ. ಬಂದವರಿಗೆ ಕಾಣುವುದು ಬೆನ್ನು. ಕುರ್ಚಿಗಳನ್ನೇ ತೆಗೆದುಬಿಡಿ ಎಂಬ ಸಲಹೆ ಕ್ರೂರ ಅನ್ನಿಸಬಹುದು, ಆದರೆ ಕೆಲಸ ಮಾಡುತ್ತದೆ.

ಬಂದವರಿಗಾದರೂ ಬೇಕಿದ್ದದ್ದೇನು? ಮೊದಮೊದಲು ಸಿ.ಡಿ. ಆಗಿನ 56 ಕೆಬಿಪಿಎಸ್ ಮೋಡೆಮ್‌ನಲ್ಲಿ 650 ಎಂಬಿಯ ಒಂದು ಸಿ.ಡಿ. ಇಳಿಸಿಕೊಳ್ಳಲು ಲೈನ್ ಎಲ್ಲೂ ಕಡಿಯದಿದ್ದರೂ 25 ಗಂಟೆಗೂ ಹೆಚ್ಚು ಬೇಕು. ಮಳಿಗೆಯಲ್ಲಿ ಅದು ನಿಮಿಷದ ಮಾತು. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ಕಾರ್ಯಾಚರಣ ವ್ಯವಸ್ಥೆಯಂಥ ಪ್ರಾಜೆಕ್ಟ್‌ಗೆ ಸಿ.ಡಿ. ಮಾರಾಟವೇ ಆದಾಯದ ದೊಡ್ಡ ಆಧಾರವಾಗಿತ್ತು. ಕ್ಲೌಸ್ ಕ್ನಾಪರ್ ಅವರ ನಾಪಿಕ್ಸ್ ಎಂಬ ಲಿನಕ್ಸ್ ರೂಪ ಬಂದ ಮೇಲಂತೂ, ಕಂಪ್ಯೂಟರಿನಲ್ಲಿ ಏನನ್ನೂ ಅಳಿಸದೆ ಸಿ.ಡಿ.ಯಿಂದಲೇ ಲಿನಕ್ಸ್ ಓಡಿಸಿ ತೋರಿಸಬಹುದು ಎಂದಾಯಿತು. ಅದರ ಮೊದಲ ಡಿ.ವಿ.ಡಿ. ಆವೃತ್ತಿ ಹಂಚಿಕೆಯಾದದ್ದು 2005ರ ಲಿನಕ್ಸ್‌ಟಾಗ್‌ನಲ್ಲಿ. ಆಮೇಲೆ ಬ್ರಾಡ್‌ಬ್ಯಾಂಡ್ ಬಂತು. ಮನೆಬಾಗಿಲಿಗೆ ಬಿಟ್ಟಿ ಸಿ.ಡಿ. ಕಳಿಸುತ್ತಿದ್ದ ಉಬುಂಟು ಎಂಬ ಇನ್ನೊಂದು ಲಿನಕ್ಸ್ ರೂಪದವರು 2011ರಲ್ಲಿ ಅದನ್ನು ನಿಲ್ಲಿಸಿದರು, ಓಪನ್‌ಬಿಎಸ್‌ಡಿಯ ಕೊನೆಯ ಸಿ.ಡಿ. 2016ರ 6.0 ಆವೃತ್ತಿಯದು. ಆ ಜಾಗಕ್ಕೆ ಸ್ಟಿಕ್ಕರು, ಟೀ ಶರ್ಟು ಬಂದವು.

ಟೀ ಶರ್ಟಿನ ಹಿಂದೆಯೇ ತೆರಿಗೆಯ ಪ್ರಶ್ನೆಯೂ ಬಂತು. ಬೆಲೆ ಬರೆದ ಚೀಟಿ ಅಂಟಿಸಿದರೆ ಅದು ಮಾರಾಟ. ಮೇಳದ ಷರತ್ತಿಗೂ ವಿರುದ್ಧ, ತೆರಿಗೆ ಇಲಾಖೆಗೂ ಉತ್ತರ ಕೊಡಬೇಕು. ‘ಇಷ್ಟು ಕಾಣಿಕೆ ಹಾಕಿದವರಿಗೆ ಒಂದು ಶರ್ಟು’ ಎಂದರೆ ಅದು ದಾನವೇ? ಹಾಗೆಂದು ಬೋರ್ಡು ಬರೆದವರಿಗೂ ಪೂರ್ತಿ ನಂಬಿಕೆ ಇದ್ದಂತಿಲ್ಲ. ಡಬ್ಬಿಯ ಹಣ ಯಾರ ಜೇಬಿಗೆ ಸೇರಬೇಕು ಎಂಬುದು ಇನ್ನೂ ನಾಜೂಕು. ನೋಂದಾಯಿತ ಸಂಸ್ಥೆ ಬೇಕಾಗುವುದು ಇಂಥ ಕಡೆಯೇ. 1997ರಲ್ಲಿ ಅಮೆರಿಕದಲ್ಲಿ ಡೆಬಿಯನ್‌ಗೆ ಆಸರೆಯಾಗಿ ಸಾಫ್ಟ್‌ವೇರ್ ಇನ್ ದಿ ಪಬ್ಲಿಕ್ ಇಂಟರೆಸ್ಟ್ ಎಂಬ ಸಂಸ್ಥೆ ಹುಟ್ಟಿತು, ಅದೇ ವರ್ಷ ಜರ್ಮನಿಯಲ್ಲಿ ಕೆಡಿಇಯ ನೋಂದಾಯಿತ ಸಂಘ ಕೆಡಿಇ ಇ.ವಿ. ಸಂಜೆ ಇಬ್ಬರು ಕೂತು ಚಿಲ್ಲರೆ ಎಣಿಸಿ, ಮೊತ್ತ ಬರೆದು, ಇಬ್ಬರೂ ಸಹಿ ಹಾಕುವ ಪದ್ಧತಿ ಎಲ್ಲಿದೆಯೋ ಅಲ್ಲಿ ಜಗಳ ಕಡಿಮೆ.

ವಾಣಿಜ್ಯ ಮೇಳಗಳ ಕಾಲ ಹೆಚ್ಚು ಬಾಳಲಿಲ್ಲ. ಲಿನಕ್ಸ್‌ವರ್ಲ್ಡ್ 2009ರಲ್ಲಿ ಓಪನ್‌ಸೋರ್ಸ್‌ವರ್ಲ್ಡ್ ಎಂದು ಹೆಸರು ಬದಲಿಸಿಕೊಂಡಿತು, ಅದೇ ಕೊನೆ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ವೀಸ್‌ಬಾಡೆನ್ ಸುತ್ತಿ ಬರ್ಲಿನ್ನಿಗೆ ಬಂದಿದ್ದ ಲಿನಕ್ಸ್‌ಟಾಗ್ 2014ರಲ್ಲಿ ನಿಂತಿತು. ಹ್ಯಾನೋವರ್‌ನ ದೈತ್ಯ ಕಂಪ್ಯೂಟರ್ ಮೇಳ ಸೆಬಿಟ್ ಕೂಡ ಕೆಲವು ಪ್ರಾಜೆಕ್ಟ್‌ಗಳಿಗೆ ಉಚಿತ ಜಾಗ ಕೊಟ್ಟಿತ್ತು. 2018ರ ನಂತರ ಅದೂ ಇಲ್ಲ. ಲಿನಕ್ಸ್ ಸೋತು ಹೀಗಾದದ್ದಲ್ಲ. ಸರ್ವರ್‌ಗಳಲ್ಲಿ, ಫೋನುಗಳಲ್ಲಿ ಎಲ್ಲೆಡೆ ಅದೇ ತುಂಬಿಕೊಂಡ ಮೇಲೆ ಅದಕ್ಕೆಂದೇ ಸಂತೆ ಕಟ್ಟುವ ಅಗತ್ಯ ಕಂಪನಿಗಳಿಗೆ ಉಳಿಯಲಿಲ್ಲ. ದೊಡ್ಡವರು ತಮ್ಮದೇ ಸಮ್ಮೇಳನಗಳಿಗೆ ಹೊರಟುಹೋದರು. ಸಂತೆಯ ಮೂಲೆಯಲ್ಲಿ ಕೂತಿದ್ದವರಿಗೆ ಸಂತೆಯೇ ಇಲ್ಲವಾಯಿತು.

ಅವರು ಹಿಂತಿರುಗಿದ್ದು ವಿಶ್ವವಿದ್ಯಾಲಯಗಳಿಗೆ. ಹಿಂತಿರುಗಿದರು ಎನ್ನುವುದು ಪೂರ್ತಿ ಸರಿಯಲ್ಲ, ಆ ದಾರಿ ಮುಚ್ಚಿಯೇ ಇರಲಿಲ್ಲ. ಜರ್ಮನಿಯ ಕೆಮ್ನಿಟ್ಸ್‌ನ ಲಿನಕ್ಸ್ ಮೇಳ 1999ರಿಂದ ನಡೆಯುತ್ತಿದೆ. ಅದೇ ದೇಶದ ಸ್ಯಾಂಕ್ಟ್ ಆಗಸ್ಟಿನ್‌ನ ಫ್ರಾಸ್‌ಕಾನ್ 2006ರಲ್ಲಿ ಶುರುವಾಯಿತು. ಎಲ್ಲಕ್ಕಿಂತ ದೊಡ್ಡದು ಬ್ರಸೆಲ್ಸ್‌ನ ಫಾಸ್ಡೆಮ್. ಅಲ್ಲಿನ ವಿಶ್ವವಿದ್ಯಾಲಯದ ಸೋಲ್‌ಬೋಶ್ ಕ್ಯಾಂಪಸ್ಸಿನಲ್ಲಿ ವಾರಾಂತ್ಯದ ಎರಡು ದಿನ ನಡೆಯುವ ಈ ಮೇಳಕ್ಕೆ ಪ್ರವೇಶ ಶುಲ್ಕವಿಲ್ಲ, ನೋಂದಣಿಯೂ ಇಲ್ಲ. ಹಾಗಾಗಿ ಸಾವಿರಾರು ಜನ ಬರುತ್ತಾರೆಂಬುದು ಗೊತ್ತಿದ್ದರೂ ಪಕ್ಕಾ ಎಣಿಕೆ ಯಾರ ಬಳಿಯೂ ಇಲ್ಲ. ಇಲ್ಲಿ ರಜೆಯ ಸಮಸ್ಯೆ ಬಗೆಹರಿಯಿತು, ಬಿಲ್ಲುಗಳ ಸಮಸ್ಯೆ ಬಗೆಹರಿಯಿತು. ಹೊಸದೊಂದು ಎದ್ದು ನಿಂತಿತು.

ಕಾಲೇಜಿನ ಮೊಗಸಾಲೆ ಹಿಗ್ಗುವುದಿಲ್ಲ. ಎಷ್ಟು ಮೇಜು ಹಾಕಬಹುದೆಂಬುದನ್ನು ನಿರ್ಧರಿಸುವುದು ಗೋಡೆ ಮತ್ತು ಅಗ್ನಿಶಾಮಕ ನಿಯಮ, ಅರ್ಜಿಗಳ ಸಂಖ್ಯೆಯಲ್ಲ. ಅರ್ಜಿಗಳು ಮೇಜುಗಳಿಗಿಂತ ಹೆಚ್ಚು. ದುಡ್ಡೇ ಜರಡಿ ಹಿಡಿಯುತ್ತಿದ್ದ ಕಡೆ ಈಗ ಆಯ್ಕೆ ಸಮಿತಿ ಜರಡಿ ಹಿಡಿಯಬೇಕು. ಎಲ್ಲರೂ ಬಲ್ಲ ಹಳೆಯ ಪ್ರಾಜೆಕ್ಟ್‌ಗೆ ಪ್ರತಿವರ್ಷ ಮೇಜು ಕೊಟ್ಟರೆ ಹೊಸಬರು ಕಾಣಿಸಿಕೊಳ್ಳುವುದು ಯಾವಾಗ? ಹೊಸಬರಿಗೇ ಕೊಟ್ಟರೆ, ಹಳಬರ ಮಳಿಗೆ ಹುಡುಕಿಕೊಂಡು ಬಂದವರಿಗೆ ಏನು ಹೇಳುವುದು? ಒಂದು ಪ್ರಾಜೆಕ್ಟ್‌ನ ತಂತ್ರಾಂಶ ಪರವಾನಗಿಯೇನೋ ಮುಕ್ತ, ಆದರೆ ಕೋಡ್ ಬರೆಯುವವರೆಲ್ಲ ಒಂದೇ ಕಂಪನಿಯವರು. ಅಂಥದ್ದು ಸಮುದಾಯದ ಪ್ರಾಜೆಕ್ಟೋ, ಸ್ಟಿಕ್ಕರ್ ಹಂಚುವ ಜಾಹೀರಾತೋ? ಈ ಕೊನೆಯದು ವಾಣಿಜ್ಯ ಮೇಳಗಳಲ್ಲಿ ಏಳುತ್ತಲೇ ಇರಲಿಲ್ಲ, ಯಾಕೆಂದರೆ ಕಂಪನಿ ಎಂದರೆ ಹಣ ಕಟ್ಟಿ ಮುಂದಿನ ಸಾಲಿಗೆ ಹೋಗು ಎಂದರಾಯಿತು. ಸಮಿತಿಗಳು ಇದಕ್ಕೆ ಅಳತೆಗೋಲು ಹುಡುಕುತ್ತಲೇ ಇವೆ, ಮೇಜು ಸಿಗದವರು ಬೈಯುತ್ತಲೇ ಇದ್ದಾರೆ. ನನಗೆ ಸಮಿತಿಗಳ ಬಗ್ಗೆಯೇ ಹೆಚ್ಚು ಕನಿಕರ.

ಸಿ.ಡಿ. ಕಾಲ ಮುಗಿದರೂ ಮುಖಾಮುಖಿಯೇ ಆಗಬೇಕಾದ ಒಂದು ವ್ಯವಹಾರ ಈ ಮೇಜುಗಳ ಬಳಿ ಉಳಿದುಕೊಂಡಿತು. ಡೆಬಿಯನ್‌ಗೆ ಡೆವಲಪರ್ ಆಗಿ ಸೇರಬಯಸುವವರ ಪಿಜಿಪಿ ಕೀಲಿಗೆ, ಅಂದರೆ ಇಮೇಲ್, ಕೋಡ್ ತಮ್ಮದೇ ಎಂದು ಸಾಬೀತುಮಾಡುವ ಡಿಜಿಟಲ್ ಗುರುತಿಗೆ, ಈಗಾಗಲೇ ಡೆವಲಪರ್ ಆದವರ ಸಹಿ ಬೇಕು. ಸಹಿ ಹಾಕುವ ಮುನ್ನ ವ್ಯಕ್ತಿ ಇವರೇ ಹೌದೇ ಎಂದು ಖಾತ್ರಿ ಮಾಡಿಕೊಳ್ಳುವುದು ರೂಢಿ. ಹೊಸಬರು ಬೆರಳಗಲದ ಕಾಗದದ ಚೂರು ಕೊಡುತ್ತಾರೆ; ಅದರ ಮೇಲೆ ಹೆಸರು, ಕೀಲಿಯ ‘ಬೆರಳಚ್ಚು’ ಎನ್ನಿಸುವ 40 ಅಕ್ಷರಗಳ ಗುರುತಿನ ಸಾಲು. ಜೊತೆಗೆ ಪಾಸ್‌ಪೋರ್ಟ್. ಮೇಜಿನ ಆಚೆಯವರು ಫೋಟೋ ನೋಡಿ, ಮುಖ ನೋಡಿ, ಚೂರಿನ ಮೇಲೊಂದು ಗುರುತು ಹಾಕಿ ಜೇಬಿಗಿಳಿಸುತ್ತಾರೆ. ಸಹಿ ಹಾಕುವುದು ಊರಿಗೆ ಹೋದ ಮೇಲೆ. ಪರಸ್ಪರ ಅಪರಿಚಿತರಿಂದಲೇ ನಡೆಯುವ ಪ್ರಾಜೆಕ್ಟ್‌ನ ನಂಬಿಕೆ ನಿಂತಿರುವುದು ಇಂಥ ಚೂರುಗಳ ಮೇಲೆ. ಹತ್ತಿರದಲ್ಲೆಲ್ಲೂ ಡೆವಲಪರ್ ಇಲ್ಲದವರಿಗೆ ಮೇಳದ ಮಳಿಗೆಯೇ ಸುಲಭದ ದಾರಿ.

ಕೋವಿಡ್ ಕಾಲದಲ್ಲಿ ಇದೆಲ್ಲ ಪರದೆಗೆ ಸರಿಯಿತು. ಫಾಸ್ಡೆಮ್ 2021 ಮತ್ತು 2022ರಲ್ಲಿ ಆನ್‌ಲೈನ್ ನಡೆಯಿತು. 2021ರಲ್ಲಿ ಮಳಿಗೆಗಳಿಗೂ ತಲಾ ಒಂದು ಪುಟ, ಮ್ಯಾಟ್ರಿಕ್ಸ್ ಎಂಬ ಸಂದೇಶ ಜಾಲದಲ್ಲೊಂದು ಹರಟೆ ಕೋಣೆ. ಭಾಷಣಗಳು ಆ ಏರ್ಪಾಡಿಗೆ ಚೆನ್ನಾಗಿಯೇ ಒಗ್ಗಿದವು. ಮಳಿಗೆಗಳ ಮಾತು ಬೇರೆ. ಎಲ್ಲಿಗೋ ಹೊರಟವರು ದಾರಿಯಲ್ಲಿ ಎಡವಿದಂತೆ ನಿಂತು ‘ಇದೇನು?’ ಎಂದು ಕೇಳುವುದರಿಂದಲೇ ಮಳಿಗೆ ನಡೆಯುವುದು. ಪುಟ ತೆರೆಯುವವರು ಆ ಪ್ರಾಜೆಕ್ಟ್ ಬಲ್ಲವರು, ಬೇಕೆಂದೇ ಬಂದವರು. 2023ರ ಫೆಬ್ರವರಿಯಲ್ಲಿ ಮೇಳ ಮತ್ತೆ ಕ್ಯಾಂಪಸ್ಸಿಗೆ ಮರಳಿತು, ಮೊಗಸಾಲೆಗಳ ನೂಕುನುಗ್ಗಲೂ ಮರಳಿತು.

ಈಗಿನ ತಕರಾರು ಜಾಗದ್ದಲ್ಲ, ನಿಲ್ಲುವ ಜನದ್ದು. ತಂತ್ರಾಂಶ ಕಂಪನಿಗಳಲ್ಲಿ ಇದೇ ಪ್ರಾಜೆಕ್ಟ್‌ಗಳ ಕೆಲಸಕ್ಕೆ ಸಂಬಳ ಪಡೆಯುವವರು ಬಹಳ ಮಂದಿ ಇದ್ದಾರೆ. ಅವರ ಪ್ರಯಾಣ, ಹೋಟೆಲು ಕಂಪನಿಯದು. ಪಾಳಿಪಟ್ಟಿ ತುಂಬುವಾಗ ಅವರ ಹೆಸರು ಸಲೀಸಾಗಿ ಬರುತ್ತದೆ, ಸ್ವಂತ ಖರ್ಚಿನ ವಿದ್ಯಾರ್ಥಿಯ ಹೆಸರು ಬರುವುದಿಲ್ಲ. ಪ್ರಾಜೆಕ್ಟ್‌ನ ಖಾತೆಯಲ್ಲಿ ದೇಣಿಗೆ ಹಣವಿದ್ದರೆ ವಿದ್ಯಾರ್ಥಿಯ ರೈಲು ಟಿಕೆಟ್ಟಿಗೆ ಅದನ್ನು ಕೊಡಬಹುದು. ಕೆಲವು ಕಡೆ ಕೊಡುತ್ತಾರೆ ಕೂಡ. ಹಾಗೆ ಕೊಟ್ಟಾಗಲೆಲ್ಲ, ಕೋಡ್‌ಗೆಂದು ಬಂದ ಹಣವನ್ನು ಪ್ರಯಾಣಕ್ಕೆ ಸುರಿಯುವುದು ಸರಿಯೇ ಎಂದು ಯಾರಾದರೊಬ್ಬರು ಕೇಳುತ್ತಾರೆ. ಹಾಗೆ ಕೇಳುವವರ ಹೆಸರನ್ನು ಮುಂದಿನ ಮೇಳದ ಕೊನೆಯ ಮಧ್ಯಾಹ್ನದ ಪಾಳಿಗೆ ಬರೆದುಕೊಳ್ಳಬೇಕೆಂಬುದು ನನ್ನ ಸೂಚನೆ.