ಒಂದು ವರ್ಷವೆಂದರೆ ಎಷ್ಟು ಅವಕಾಶ?

ಕಳೆದ ತಿಂಗಳು ನನ್ನೆದುರು ಕುಳಿತ ಮಹಿಳೆಗೆ ಮೂವತ್ತೊಂದು ವರ್ಷ. ನಾನೇನೂ ಕೇಳುವ ಮೊದಲೇ ಹೇಳಿದರು: "ಡಾಕ್ಟರ್, ಮಗುವಿಗಾಗಿ ಒಂದು ವರ್ಷ ಪ್ರಯತ್ನಿಸಿದ ಮೇಲೆಯೇ ವೈದ್ಯರ ಬಳಿ ಹೋಗಬೇಕು ಎಂದು ಎಲ್ಲ ಕಡೆ ಬರೆದಿದ್ದಾರೆ. ಮೊನ್ನೆಗೆ ಸರಿಯಾಗಿ ಒಂದು ವರ್ಷವಾಯಿತು." ಮುಟ್ಟಿನ ತಾರೀಖುಗಳನ್ನು ಕೇಳಿದೆ. ಮೊಬೈಲ್ ತೆಗೆದು ಓದಿದರು. ಆ ಹನ್ನೆರಡು ತಿಂಗಳಲ್ಲಿ ಅವರಿಗೆ ಮುಟ್ಟು ಬಂದದ್ದು ನಾಲ್ಕೇ ಸಲ.

ಇಂಥವರನ್ನು ನಾನು ಪ್ರತಿ ವಾರ ನೋಡುತ್ತೇನೆ. ಹೇಳಿದ ಮಾತನ್ನು ಶ್ರದ್ಧೆಯಿಂದ ಪಾಲಿಸಿದವರು ಅವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಷರತ್ತನ್ನು ಕಳಚಿಟ್ಟು ನಿಯಮವನ್ನಷ್ಟೇ ಊರೆಲ್ಲ ಹಂಚಿರುವ ರೀತಿಗೆ.

ಆ ಒಂದು ವರ್ಷ ಎಲ್ಲಿಂದ ಬಂತೆಂದು ನೋಡೋಣ. ಆರೋಗ್ಯವಂತರಾದ, ವಯಸ್ಸು ಚಿಕ್ಕದಿರುವ ನೂರು ಜೋಡಿಗಳು ಗರ್ಭನಿರೋಧಕ ಬಳಸದೆ ನಿಯಮಿತವಾಗಿ ಕೂಡುತ್ತಿದ್ದರೆ ಒಂದೊಂದು ಋತುಚಕ್ರದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಸುಮಾರು 20ರಿಂದ 25 ಶೇಕಡ. ವರ್ಷ ತುಂಬುವ ಹೊತ್ತಿಗೆ ನೂರರಲ್ಲಿ ಸುಮಾರು 80ರಿಂದ 85 ಜೋಡಿಗಳಿಗೆ ಗರ್ಭ ನಿಂತಿರುತ್ತದೆ. ಉಳಿದವರಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮುಂದಿನ ವರ್ಷ ತಾನಾಗಿಯೇ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಬಂಜೆತನಕ್ಕೆ ಕೊಟ್ಟ ವ್ಯಾಖ್ಯಾನದಲ್ಲಿಯೂ ಇರುವುದು ಇದೇ 12 ತಿಂಗಳು. ಅಲ್ಲಿಯವರೆಗೆ ಸುಮ್ಮನಿದ್ದರೆ ಬಹುಪಾಲು ಜನರಿಗೆ ಅನಗತ್ಯ ಪರೀಕ್ಷೆ ತಪ್ಪುತ್ತದೆ. ಆ ಮಿತಿಯ ಹಿಂದಿರುವ ತರ್ಕ ಇಷ್ಟೇ.

ಆದರೆ ಆ ನೂರು ಜೋಡಿಗಳನ್ನು ಮತ್ತೊಮ್ಮೆ ನೋಡಿ. ಅವರಲ್ಲಿ ಪ್ರತಿ ತಿಂಗಳೂ ಒಂದು ಅಂಡಾಣು ಹೊರಬರುತ್ತಿದೆ. ಆ ದಿನಗಳಲ್ಲಿ ಗಂಡ ಹೆಂಡತಿ ಜೊತೆಗಿದ್ದಾರೆ. ಹನ್ನೆರಡು ತಿಂಗಳೆಂದರೆ ಅವರಿಗೆ ಹನ್ನೆರಡು ಅವಕಾಶ. ನನ್ನೆದುರು ಕುಳಿತಿದ್ದ ಮಹಿಳೆಗೆ ದೊರೆತದ್ದು ಹೆಚ್ಚೆಂದರೆ ನಾಲ್ಕು. ಮುಟ್ಟು ಬಂದರೂ ಅಂಡಾಣು ಬಿಡುಗಡೆಯಾಗದ ಚಕ್ರಗಳೂ ಇರುವುದರಿಂದ ಒಂದೂ ದೊರೆಯದೆ ಇದ್ದಿರಬಹುದು. ಅವರು ಕಾದದ್ದು ನಿಜ, ಪ್ರಯತ್ನಿಸಿದ್ದೂ ನಿಜ. ಆದರೆ ಆ ವರ್ಷ ಅವರ ದೇಹದ ಲೆಕ್ಕದಲ್ಲಿ ಒಂದು ವರ್ಷವಾಗಿರಲಿಲ್ಲ. ಮುಟ್ಟು 21 ದಿನಕ್ಕಿಂತ ಬೇಗ ಅಥವಾ 35 ದಿನಕ್ಕಿಂತ ತಡವಾಗಿ ಬರುತ್ತಿದ್ದರೆ, ತಿಂಗಳುಗಟ್ಟಲೆ ಬಾರದೇ ಇದ್ದರೆ, ಮಗು ಬೇಕೆಂದು ನಿರ್ಧರಿಸಿದ ದಿನವೇ ಬನ್ನಿ. ನೀವು ಕಾಯುವುದರಿಂದ ಅಂಡಾಣುವಿಗೆ ಹೊರಬರುವ ಬುದ್ಧಿ ಬರುವುದಿಲ್ಲ.

ಇದೇ ಲೆಕ್ಕ ಇನ್ನೊಂದು ದಿಕ್ಕಿನಲ್ಲಿಯೂ ಕೆಲಸ ಮಾಡುತ್ತದೆ. ಹಡಗಿನಲ್ಲಿ ಕೆಲಸ ಮಾಡುವ ಒಬ್ಬರು ಪತ್ನಿಯೊಂದಿಗೆ ಬಂದಿದ್ದರು. ಮೂರು ವರ್ಷದಿಂದ ಮಕ್ಕಳಾಗಿಲ್ಲವೆಂದು ಇಬ್ಬರೂ ಕುಗ್ಗಿಹೋಗಿದ್ದರು. ಆ ಮೂರು ವರ್ಷದಲ್ಲಿ ಜೊತೆಗಿದ್ದ ದಿನಗಳನ್ನೂ ಅವರ ಮುಟ್ಟಿನ ದಿನಗಳನ್ನೂ ಒಂದು ಹಾಳೆಯ ಮೇಲೆ ಬರೆದೆವು. ನಿಜವಾದ ಅವಕಾಶ ಸಿಕ್ಕಿದ್ದು ಐದೋ ಆರೋ ಸಲ. ಆ ಹಾಳೆಯನ್ನು ನೋಡುತ್ತಿದ್ದಂತೆ ಆಕೆ ಅತ್ತುಬಿಟ್ಟರು. ಮೂರು ವರ್ಷ ತನ್ನ ದೇಹವನ್ನೇ ಶಪಿಸಿಕೊಂಡಿದ್ದರಂತೆ.

ಅವಕಾಶ ಎಂದರೆ ಏನೆಂಬುದನ್ನೂ ಬಿಡಿಸಿ ಹೇಳಬೇಕು, ಏಕೆಂದರೆ ಮೊಬೈಲ್ ಆ್ಯಪ್‌ಗಳು ಇಲ್ಲಿ ಬಹಳ ಜನರನ್ನು ದಾರಿ ತಪ್ಪಿಸಿವೆ. ಹೊರಬಂದ ಅಂಡಾಣು ಬದುಕುವುದು ಒಂದು ದಿನದೊಳಗೆ. ವೀರ್ಯಾಣು ಐದು ದಿನದವರೆಗೂ ಬದುಕಬಲ್ಲದು. ಹಾಗಾಗಿ ಗರ್ಭ ನಿಲ್ಲಬಹುದಾದ ಅವಧಿ ಅಂಡಾಣು ಹೊರಬರುವ ದಿನ ಮತ್ತು ಅದರ ಹಿಂದಿನ ಐದು ದಿನ. ಆ ದಿನ ಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಮುಟ್ಟಾದ ಹದಿನಾಲ್ಕನೆಯ ದಿನ ಎಂಬುದು 28 ದಿನದ ಚಕ್ರವಿದ್ದವರಿಗೆ ಮಾತ್ರ ಹೊಂದುತ್ತದೆ. 34 ದಿನದ ಚಕ್ರವಿದ್ದ ಒಬ್ಬರು ಎಂಟು ತಿಂಗಳು ಹನ್ನೊಂದರಿಂದ ಹದಿನಾಲ್ಕನೆಯ ದಿನದವರೆಗೆ ಮಾತ್ರ ಕೂಡಿ, ಉಳಿದ ದಿನ ವೀರ್ಯ "ಉಳಿಸಿಕೊಂಡಿದ್ದರು". ಅವರ ಅವಧಿ ಆರಂಭವಾಗುತ್ತಿದ್ದದ್ದೇ ಸುಮಾರು ಹದಿನೈದನೆಯ ದಿನ. ತಾರೀಖಿನ ಗೊಡವೆ ಬಿಟ್ಟು ಎರಡು ದಿನಕ್ಕೊಮ್ಮೆ ಜೊತೆಯಾಗಿ ಎಂದು ಹೇಳಿ ಕಳುಹಿಸಿದೆ. ಐದನೆಯ ತಿಂಗಳು ಗರ್ಭ ನಿಂತಿತು. ಅದು ನನ್ನ ಸಲಹೆಯಿಂದಲೇ ಆಯಿತೆಂದು ಹೇಳುವುದು ತಪ್ಪಾಗುತ್ತದೆ, ಹಾಗೆಯೇ ಆಗುತ್ತಿದ್ದಿರಲೂಬಹುದು.

ವಯಸ್ಸಿನ ಮಾತು ಹಲವರಿಗೆ ನೋವು ಕೊಡುತ್ತದೆ, ಆದರೂ ಮುಚ್ಚಿಡಲಾರೆ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿಯುತ್ತವೆ. ಆಮೇಲೆ ಸಂಖ್ಯೆಯೂ ಗುಣಮಟ್ಟವೂ ಇಳಿಯುತ್ತ ಹೋಗುತ್ತವೆ, 35ರ ನಂತರ ಆ ಇಳಿತ ಇನ್ನೂ ಚುರುಕಾಗುತ್ತದೆ. ನಲವತ್ತರಲ್ಲಿ ಒಂದು ಚಕ್ರದ ಸಾಧ್ಯತೆ ಸುಮಾರು 5 ಶೇಕಡ. ಪ್ರತಿದಿನ ಓಡುತ್ತೇನೆ, ಸಕ್ಕರೆ ತಿನ್ನುವುದಿಲ್ಲ, ಎಲ್ಲ ವರದಿಗಳೂ ಸರಿಯಾಗಿವೆ ಎನ್ನುವವರನ್ನು ಕಂಡರೆ ನನಗೆ ಗೌರವ. ಆದರೆ ಅವರ ಅಂಡಾಣುವಿನ ವಯಸ್ಸು ಅವರ ವಯಸ್ಸೇ. ಆದ್ದರಿಂದ 35 ದಾಟಿದವರು ಆರು ತಿಂಗಳಿಗೆ ಬರಬೇಕು. 40 ದಾಟಿದವರು ಪ್ರಯತ್ನ ಆರಂಭಿಸುವಾಗಲೇ ಒಮ್ಮೆ ಮಾತನಾಡಿ ಹೋಗುವುದು ಒಳ್ಳೆಯದು. ಹಡಗಿನ ಆ ಜೋಡಿಯಲ್ಲಿ ಪತ್ನಿಗೆ 28 ವರ್ಷ, ಹಾಗಾಗಿ ಧೈರ್ಯ ಹೇಳಿದೆ. ಅವರಿಗೆ 37 ಆಗಿದ್ದರೆ, ಸಿಕ್ಕಿದ್ದು ಐದೇ ಅವಕಾಶ ಎಂಬ ಕಾರಣಕ್ಕೆ ಇನ್ನಷ್ಟು ಕಾಯಿರಿ ಎನ್ನುತ್ತಿರಲಿಲ್ಲ.

ಇನ್ನು ಕೆಲವರು ತಿಂಗಳು ಎಣಿಸುವ ಗೋಜಿಗೇ ಹೋಗಬಾರದು. ಮುಟ್ಟಿನ ನೋವಿನಿಂದ ಹಾಸಿಗೆ ಹಿಡಿಯುವವರು, ಹಿಂದೆ ಗರ್ಭನಾಳದಲ್ಲಿ ಗರ್ಭ ನಿಂತಿದ್ದವರು, ಅಪೆಂಡಿಕ್ಸ್ ಒಡೆದು ಶಸ್ತ್ರಚಿಕಿತ್ಸೆ ಆದವರು, ಕಿಬ್ಬೊಟ್ಟೆಯ ಸೋಂಕು ಅಥವಾ ಜನನಾಂಗದ ಕ್ಷಯ ಇದ್ದವರು, ಕ್ಯಾನ್ಸರ್ ಚಿಕಿತ್ಸೆ ಪಡೆದವರು, ಎರಡು ಸಲ ಗರ್ಭಪಾತವಾದವರು. ಗಂಡಸರಲ್ಲಿ ಬಾಲ್ಯದಲ್ಲಿ ವೃಷಣ ಕೆಳಗಿಳಿಯದೆ ಶಸ್ತ್ರಚಿಕಿತ್ಸೆ ಆದವರು, ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದು ವೃಷಣ ಊದಿಕೊಂಡಿದ್ದವರು, ಸಂಭೋಗವೇ ಕಷ್ಟವಾಗಿರುವವರು. ಕೊನೆಯದನ್ನು ಹೇಳಿಕೊಳ್ಳಲು ನಾಚಿ ವರ್ಷಗಳನ್ನು ಕಳೆದವರಿದ್ದಾರೆ. ನಮಗೆ ಅದು ದಿನನಿತ್ಯ ಕೇಳುವ ಮಾತು, ದಯವಿಟ್ಟು ಹೇಳಿ.

ಗಂಡಸರ ವಿಷಯಕ್ಕೆ ಬಂದರೆ ನನ್ನ ತಾಳ್ಮೆ ಕಡಿಮೆ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಸಿನ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿಯಿಲ್ಲ, ಅರಿವಳಿಕೆಯಿಲ್ಲ. ಎರಡರಿಂದ ಏಳು ದಿನ ಸ್ಖಲನವಾಗದಂತೆ ಇದ್ದು ಮಾದರಿ ಕೊಟ್ಟರೆ ಮುಗಿಯಿತು. ಆದರೂ ಹೆಂಡತಿಗೆ ಹೊಟ್ಟೆಗೆ ರಂಧ್ರ ಕೊರೆದು ಎರಡು ಸಲ ಲ್ಯಾಪರೊಸ್ಕೋಪಿ ಮಾಡಿಸಿ, ಆಮೇಲೆ ಗಂಡನ ಮೊದಲ ವೀರ್ಯ ಪರೀಕ್ಷೆಗೆ ಬಂದವರನ್ನು ನೋಡಿದ್ದೇನೆ. ಆ ಮಾದರಿಯಲ್ಲಿ ಒಂದು ವೀರ್ಯಾಣುವೂ ಇರಲಿಲ್ಲ. ಇನ್ನೊಬ್ಬ ಯುವಕ ಮೈಕಟ್ಟಿಗೆಂದು ಟೆಸ್ಟೊಸ್ಟಿರಾನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದ. ಹೊರಗಿನಿಂದ ಕೊಟ್ಟ ಆ ಹಾರ್ಮೋನು ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಬಿಟ್ಟ ಕೆಲವು ತಿಂಗಳ ನಂತರ ಸಂಖ್ಯೆ ಮರಳಿತು, ಎಲ್ಲರಿಗೂ ಹಾಗೆ ಮರಳುವುದಿಲ್ಲ. ಒಂದು ವರದಿ ಕೆಟ್ಟದಾಗಿ ಬಂದ ಮಾತ್ರಕ್ಕೆ ಎದೆಗುಂದಬೇಕಾಗಿಯೂ ಇಲ್ಲ. ವೀರ್ಯಾಣು ರೂಪುಗೊಳ್ಳಲು ಎರಡು ತಿಂಗಳಿಗೂ ಹೆಚ್ಚು ಬೇಕು, ಹಿಂದೆಂದೋ ಬಂದ ಜ್ವರ ಇಂದಿನ ವರದಿಯಲ್ಲಿ ಕಾಣಿಸಿಕೊಳ್ಳಬಹುದು. ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತೇವೆ.

ಮದುವೆಯಾಗಿ ಮೂರೇ ತಿಂಗಳಿಗೆ ಗಾಬರಿಯಿಂದ ಓಡಿಬರುವ ಇಪ್ಪತ್ತೈದರವರನ್ನು ನಾನು ಗದರುವುದಿಲ್ಲ. ಅವರಿಗೆ ಹೆಚ್ಚಿನ ಪರೀಕ್ಷೆ ಬೇಕಿರುವುದಿಲ್ಲ. ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಆರಂಭಿಸುತ್ತೇನೆ, ರುಬೆಲ್ಲಾ ಲಸಿಕೆ ಆಗಿದೆಯೇ ಎಂದು ಕೇಳುತ್ತೇನೆ, ಥೈರಾಯ್ಡ್, ಮಧುಮೇಹ, ಮೂರ್ಛೆರೋಗಗಳಿಗೆ ಮಾತ್ರೆ ನುಂಗುತ್ತಿದ್ದರೆ ತಾವಾಗಿಯೇ ನಿಲ್ಲಿಸಬೇಡಿ ಎನ್ನುತ್ತೇನೆ. ವೈದ್ಯರ ಬಳಿ ಹೋದರೆ ನೇರ ಪ್ರನಾಳ ಶಿಶುವಿನ ಚಿಕಿತ್ಸೆಗೆ ದೂಡುತ್ತಾರೆ ಎಂಬ ಭಯದಿಂದ ಬಹಳ ಜನ ಬರುವುದನ್ನೇ ಮುಂದೂಡುತ್ತಾರೆ. ಮೊದಲ ಭೇಟಿಯ ಬಹುಪಾಲು ಸಮಯ ನಾವು ಕಳೆಯುವುದು ಪ್ರಶ್ನೆ ಕೇಳುವುದರಲ್ಲಿ. ಆ ಮೂವತ್ತೊಂದರ ಮಹಿಳೆಗೂ ಆದದ್ದು ಒಂದಿಷ್ಟು ರಕ್ತಪರೀಕ್ಷೆ, ಒಂದು ಸ್ಕ್ಯಾನ್. ಪಿಸಿಒಡಿ, ಅಂದರೆ ಹಾರ್ಮೋನುಗಳ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ ಇತ್ತು. ಅಂಡಾಣು ಬಿಡುಗಡೆಯಾಗಲು ಐದು ದಿನದ ಮಾತ್ರೆ ಕೊಟ್ಟಿದ್ದೇನೆ. ಫಲಿತಾಂಶ ಏನಾಗುವುದೋ ಈಗಲೇ ಹೇಳಲಾರೆ, ಆದರೆ ಇದನ್ನು ಒಂದು ವರ್ಷ ಮೊದಲೇ ಕೊಡಬಹುದಿತ್ತು.

ಇಲ್ಲಿ ಹೇಳಿದ್ದು ಸಾಮಾನ್ಯ ಲೆಕ್ಕ. ನಿಮ್ಮ ಕತೆ ಬೇರೆ ಇರಬಹುದು, ಅದನ್ನು ನಿಮ್ಮ ವೈದ್ಯರೇ ಕೇಳಿ ತಿಳಿಯಬೇಕು. ಬರುವಾಗ ಹಿಂದಿನ ಆರು ಮುಟ್ಟಿನ ತಾರೀಖುಗಳನ್ನು ಬರೆದು ತನ್ನಿ, ಹಳೆಯ ವರದಿಗಳನ್ನೂ ನುಂಗುತ್ತಿರುವ ಮಾತ್ರೆಗಳನ್ನೂ ತನ್ನಿ. ಇಬ್ಬರೂ ಬನ್ನಿ. ಪತಿಗೆ ಆ ದಿನ ರಜೆ ಸಿಗದಿದ್ದರೆ ಫೋನ್ ಮಾಡಿ ಹೇಳಿ, ಅವರಿಗೆ ಬಿಡುವಿರುವ ಬೇರೆ ದಿನ ಕೊಡುತ್ತೇವೆ.