ಸೆಕೆಂಡ್ ಪ್ರೈಮರಿ ಅಂದರೆ ಸೆಕೆಂಡರಿ ಅಲ್ಲ

ಕಳೆದ ಮಳೆಗಾಲದಲ್ಲಿ ಮುಂಬೈಯ ಮಾಟುಂಗದ ಮಾವನ ಮನೆಯಿಂದ ಊರಿಗೆ ಫೋನ್ ಹೋಯಿತು. "ಸೆಕೆಂಡರಿ ಅಂತೆ." ಉಡುಪಿಯಲ್ಲಿ ಅಜ್ಜಿ ದೇವರಿಗೆ ಹರಕೆ ಹೊತ್ತೂ ಆಯಿತು. ಆಮೇಲೆ ಮಾವನ ಕ್ಯಾನ್ಸರ್ ರಿಪೋರ್ಟ್ ತೆಗೆದು ನೋಡಿದರೆ ಅಲ್ಲಿದ್ದದ್ದು 'ಸೆಕೆಂಡ್ ಪ್ರೈಮರಿ'.

ಆಸ್ಪತ್ರೆಯವರ ಬಾಯಲ್ಲಿ ಸೆಕೆಂಡರಿ ಅಂದರೆ ಇದ್ದ ಕ್ಯಾನ್ಸರೇ ಹರಡಿ ಲಿವರಿನಲ್ಲೋ ಶ್ವಾಸಕೋಶದಲ್ಲೋ ಕೂತಿರುವುದು. ಸೆಕೆಂಡ್ ಪ್ರೈಮರಿ ಹಾಗಲ್ಲ. ಹಳೆಯದು ಮರಳಿ ಬಂದದ್ದೂ ಅಲ್ಲ. ಅದು ಬೇರೆ ಜಾಗದಲ್ಲಿ, ಬೇರೆ ಕೋಶದಿಂದ ಹೊಸದಾಗಿ ಹುಟ್ಟಿದ ಕ್ಯಾನ್ಸರ್. ಹಾಗಾಗಿ ಅದರ ಸ್ಟೇಜನ್ನೂ, ಅಂದರೆ ಎಷ್ಟು ಬೆಳೆದು ಹರಡಿದೆ ಎಂಬ ಹಂತವನ್ನೂ, ಮೊದಲಿನಿಂದ ಎಣಿಸುತ್ತಾರೆ.

ಮಾವನಿಗೆ 1986ರಲ್ಲಿ, 22ನೇ ವಯಸ್ಸಿಗೆ, ಹಾಡ್ಜ್‌ಕಿನ್ ಲಿಂಫೋಮಾ ಆಗಿತ್ತು. ಅದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣದ ಕ್ಯಾನ್ಸರ್. ಈಗ ದೊಡ್ಡ ಕರುಳಿನ ಚೂರು ತೆಗೆದು ನೋಡಿದ ಬಯಾಪ್ಸಿಯಲ್ಲಿ ಬಂದದ್ದು ಅಡಿನೋಕಾರ್ಸಿನೋಮ, ಅಂದರೆ ಕರುಳಿನ ಒಳಪದರದ ಗ್ರಂಥಿಕೋಶದ್ದು. ಎರಡಕ್ಕೂ ನೆಂಟಸ್ತಿಕೆಯೇ ಇಲ್ಲ.

ಪೂರ್ತಿ ಇಲ್ಲ ಅನ್ನುವ ಹಾಗೂ ಇಲ್ಲ. ಅಂದು ಜೀವ ಉಳಿಸಿದ ಚಿಕಿತ್ಸೆಯೇ ಇಂದಿನದಕ್ಕೆ ದಾರಿ ಮಾಡಿಕೊಟ್ಟಿರಬಹುದು. ಹೊಟ್ಟೆಗೆ ರೇಡಿಯೇಷನ್ ಕೊಟ್ಟಾಗ ಗಡ್ಡೆಯ ಜೊತೆ ಪಕ್ಕದ ಜಠರ, ಕರುಳಿನ ಒಳ್ಳೆಯ ಕೋಶಗಳ ಡಿಎನ್ಎಗೂ ಪೆಟ್ಟು ಬೀಳುತ್ತದೆ. ಅದರ ಫಲ ಕಾಣಲು 10, 20, 30 ವರ್ಷ ಹಿಡಿಯಬಹುದು. ಹಳೆಯ ಕೀಮೋದಲ್ಲಿದ್ದ ಪ್ರೊಕಾರ್ಬಜೀನ್ ಎಂಬ ಮದ್ದು ಜೊತೆಗೆ ಸೇರಿದರೆ ಜಠರದ ಕ್ಯಾನ್ಸರಿನ ಅಪಾಯ ಇನ್ನೂ ಜಾಸ್ತಿ. ಈಗಿನ ಎಬಿವಿಡಿ ಎಂಬ ನಾಲ್ಕು ಮದ್ದುಗಳ ಕೀಮೋದಲ್ಲಿ ಆ ಮದ್ದಿಲ್ಲ. ರೇಡಿಯೇಷನ್ನೂ ಆಗಿನಷ್ಟು ಕೊಡುವುದಿಲ್ಲ. ಲಿಂಫೋಮಾ ಗೆದ್ದವರಲ್ಲಿ ಹೆಚ್ಚಿನವರಿಗೆ ಹೊಟ್ಟೆಯ ಕ್ಯಾನ್ಸರ್ ಬರುವುದೂ ಇಲ್ಲ, ಸುಮ್ನೆ ಹೆದರಬೇಡಿ.

ಮನೆಯವರ ನಿಜವಾದ ಪ್ರಶ್ನೆ, "ಎಷ್ಟು ದಿನ?" ಡಾಕ್ಟರು ಹೇಳುವ '5 ವರ್ಷದ ಸರ್ವೈವಲ್' ಈ ಎರಡನೇ ಕ್ಯಾನ್ಸರ್ ಪತ್ತೆಯಾದ ದಿನದಿಂದ ಎಣಿಸುವುದು. ಅದು ಒಬ್ಬರ ಆಯಸ್ಸಲ್ಲ, ನೂರು ಜನರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂಬ ಲೆಕ್ಕ. ಸ್ಟೇಜ್ ಒಂದೇ ಇದ್ದರೂ, ಲಿಂಫೋಮಾ ದಾಟಿ ಬಂದವರಲ್ಲಿ ಈ ಲೆಕ್ಕ ಬೇರೆ ರೋಗಿಗಳಿಗಿಂತ ಕೆಳಗಿರುವುದುಂಟು. ಎದೆಯ ರೇಡಿಯೇಷನ್ನಿಂದ ಹೃದಯ ಸೋತಿರಬಹುದು. ಬ್ಲಿಯೋಮೈಸಿನ್ ಎಂಬ ಕೀಮೋ ಮದ್ದು ತಗೊಂಡವರಿಗೆ ಶ್ವಾಸಕೋಶದ್ದೂ ಚಿಂತೆ. ಒಮ್ಮೆ ರೇಡಿಯೇಷನ್ ಬಿದ್ದ ಜಾಗಕ್ಕೆ ಮತ್ತೆ ಕೊಡುವುದು ಕಷ್ಟ. ಕೈಯಲ್ಲಿರುವ ಆಯ್ಕೆಗಳೇ ಕಮ್ಮಿ, ಅಲ್ವಾ?

ಅದಕ್ಕೇ ಬೇಗ ಹಿಡಿಯುವುದು ಇಲ್ಲಿ ದೊಡ್ಡ ಮಾತು. ಚಿಕ್ಕ ವಯಸ್ಸಿನಲ್ಲಿ ಹೊಟ್ಟೆಗೆ ರೇಡಿಯೇಷನ್ ಆದವರಿಗೆ, ಆಗಿ 5 ವರ್ಷಕ್ಕೆ ಇಲ್ಲವೇ 30ನೇ ವಯಸ್ಸಿಗೆ, ಯಾವುದು ತಡವೋ ಅಂದಿನಿಂದ ಕರುಳಿನ ತಪಾಸಣೆ ಶುರು ಮಾಡಿ ಎನ್ನುತ್ತದೆ ಅಮೆರಿಕದ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪಿನ ಮಾರ್ಗಸೂಚಿ. ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೋಸ್ಕೋಪಿ ಆದರೆ 5 ವರ್ಷಕ್ಕೊಮ್ಮೆ. ನಮ್ಮ ಪರೇಲಿನ ಟಾಟಾ ಆಸ್ಪತ್ರೆಯಲ್ಲೂ ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದವರಿಗಾಗಿ 1991ರಿಂದ ಚಿಕಿತ್ಸೆ ಮುಗಿದ ಮೇಲೆ ನೋಡಿಕೊಳ್ಳುವ 'ಆಕ್ಟ್ ಕ್ಲಿನಿಕ್' ನಡೆಯುತ್ತಿದೆ.

ಡಾಕ್ಟರು ಮೊದಲು ಕೇಳಿದ್ದು ಹಳೆಯ ಫೈಲು. ಅತ್ತೆ ಕಪಾಟಿನ ತಳದಲ್ಲಿ, ರೇಷನ್ ಕಾರ್ಡಿನ ಕೆಳಗಿನಿಂದ ತೆಗೆದುಕೊಟ್ಟರು. ಹಳದಿಯಾದ ಚೀಟಿಯಲ್ಲಿ ರೇಡಿಯೇಷನ್ನಿನ ಪ್ರಮಾಣ '3500 ರ್‍ಯಾಡ್' ಎಂದಿತ್ತು. ನೂರು ರ್‍ಯಾಡ್‌ಗೆ ಒಂದು ಗ್ರೇ, ಅದೇ ಈಗಿನ ಅಳತೆ. ಡಾಕ್ಟರು ಪಕ್ಕದಲ್ಲೇ ಪೆನ್ಸಿಲಿನಲ್ಲಿ 35 ಎಂದು ಬರೆದು, ಅದಕ್ಕೊಂದು ಸುತ್ತು ಹಾಕಿದರು.