ರಿಟ್ರಾಕ್ಟರ್ ಹಿಡಿದು ನಿಲ್ಲಿಸುವುದು ಏನು, ಒತ್ತಡ ಬೀಳುವುದು ಎಲ್ಲಿ?

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ರಿಟ್ರಾಕ್ಟರ್, ಅಂದರೆ ಆಪರೇಷನ್ ವೇಳೆ ಗಾಯದ ಅಂಚನ್ನೋ ಅಂಗವನ್ನೋ ಸರಿಸಿ ಹಿಡಿಯುವ ಸಾಧನ, ಕೈಗೆ ಕೊಟ್ಟು "ಇದೇನು?" ಅಂದರೆ ಹೆಸರು ಹೇಳಿಬಿಡುತ್ತೇವೆ. ತಡವರಿಸುವುದು ಮುಂದಿನ ಪ್ರಶ್ನೆಗೆ: "ಇದರಿಂದ ಏನು ತೊಂದರೆ ಆಗಬಹುದು?" ಉತ್ತರ ಸಾಧನದಲ್ಲೇ ಇದೆ. ತುದಿ ಹೇಗಿದೆ, ಅದನ್ನು ಏನು ಹಿಡಿದು ನಿಲ್ಲಿಸಿದೆ, ಒತ್ತಡ ಯಾವುದರ ಮೇಲೆ ಬೀಳುತ್ತದೆ ಅಂತ ನೋಡಿಕೊಳ್ಳಿ.

ಮೊದಲು ಕೈಯಲ್ಲಿ ಹಿಡಿಯುವವು. ಲ್ಯಾಂಗನ್‌ಬೆಕ್ ಚಿಕ್ಕದು, ಹರ್ನಿಯಾದಂಥ ಮೇಲ್ಪದರದ ಕೆಲಸಕ್ಕೆ. ಡೀವರ್ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಾಗಿರುತ್ತದೆ. ಪಿತ್ತಕೋಶದ ತೆರೆದ ಆಪರೇಷನ್‌ನಲ್ಲಿ ಲಿವರನ್ನು ಮೇಲಕ್ಕೆತ್ತಿ ಹಿಡಿಯಲು ಬೇಕಾಗುತ್ತದೆ. ಇವುಗಳ ಒಳ್ಳೆಯ ಗುಣ ಅಂದರೆ ಎಳೆತವನ್ನು ಆಗಾಗ ಸಡಿಲಿಸಬಹುದು. ಆದರೆ ದಣಿದ ಕೈ ಜಾರುತ್ತದೆ, ಇಲ್ಲವೇ ಗೊತ್ತಿಲ್ಲದೆ ಜಾಸ್ತಿ ಎಳೆಯುತ್ತದೆ. ಡೀವರ್‌ನ ತುದಿ ಹಿಡಿದವರಿಗೆ ಕಾಣುವುದೇ ಇಲ್ಲ. ಹಾಗಾಗಿ ಸರ್ಜನ್ ಇಟ್ಟುಕೊಟ್ಟ ಜಾಗದಿಂದ ನಾವಾಗಿ ಸರಿಸಬಾರದು. ಬ್ಲೇಡ್ (ಅಂಗವನ್ನು ಸರಿಸುವ ಚಪ್ಪಟೆ ಭಾಗ, ಕತ್ತರಿಸುವುದಲ್ಲ) ಕೆಳಗೆ ಒದ್ದೆ ಮಾಪ್, ಅಂದರೆ ಬಟ್ಟೆ, ಇಟ್ಟರೆ ಅಂಗಕ್ಕೆ ಪೆಟ್ಟಾಗುವುದು ಕಡಿಮೆ. ಹೊಟ್ಟೆಯೊಳಗೆ ಏನೂ ಉಳಿಯದಿರಲಿ ಅಂತ ಮಾಡುವ ಎಣಿಕೆಗೆ ಆ ಮಾಪ್ ಕೂಡ ಸೇರಬೇಕು.

ಇನ್ನು ತಾನಾಗಿ ನಿಲ್ಲುವವು. ವೈಟ್ಲಾನರ್‌ಗೆ ಕತ್ತರಿಯಂಥ ಹಿಡಿ, ಜೊತೆಗೆ ತೆರೆದಷ್ಟಕ್ಕೇ ಹಿಡಿದು ನಿಲ್ಲಿಸುವ ಹಲ್ಲಿನ ಬೀಗ, ಅಂದರೆ ರ್ಯಾಚೆಟ್. ಚೂಪು ಮೊನೆಯದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹತ್ತಿರದಲ್ಲಿ ನರ, ರಕ್ತನಾಳ ಇದ್ದರೆ ಮೊಂಡು ಮೊನೆಯದು ಸುರಕ್ಷಿತ. ಪಕ್ಕೆಲುಬು ಅಗಲಿಸುವ ಫಿನೊಕಿಯೆಟ್ಟೊ ಅರ್ಜೆಂಟೀನಾದ ಸರ್ಜನ್ ಎನ್ರಿಕೆ ಫಿನೊಕಿಯೆಟ್ಟೊ ಅವರದ್ದು. ಹಿಡಿ ತಿರುಗಿಸಿದರೆ ಹಲ್ಲುಪಟ್ಟಿಯ ಮೇಲೆ ಒಂದು ತೋಳು ಸರಿಯುತ್ತದೆ. ಸಣ್ಣ ತಿರುವಿಗೂ ದೊಡ್ಡ ಬಲ ಬೀಳುತ್ತದೆ, ಅವಸರ ಮಾಡಿದರೆ ಪಕ್ಕೆಲುಬು ಮುರಿಯಬಹುದು. ಸ್ವಲ್ಪ ತೆರೆದು, ಕಾದು, ಮತ್ತೆ ಸ್ವಲ್ಪ ತೆರೆಯಬೇಕು.

ಹೊಟ್ಟೆಯ ಆಪರೇಷನ್‌ಗೆ ಬಳಸುವ, ಇದೂ ತಾನಾಗಿ ನಿಲ್ಲುವ ಬ್ಯಾಲ್ಫೋರ್ ಹತ್ತಿರ ಸ್ವಲ್ಪ ನಿಲ್ಲೋಣ. ಎರಡು ಪಕ್ಕದ ಬ್ಲೇಡ್‌ಗಳು ಹೊಟ್ಟೆಯ ಗೋಡೆಯನ್ನು ಅಗಲಿಸುತ್ತವೆ. ಮಧ್ಯದ ಬ್ಲೇಡ್, ಕೆಳಹೊಟ್ಟೆಯ ಆಪರೇಷನ್ ಆದರೆ, ಮೂತ್ರಕೋಶವನ್ನು ಸರಿಸಿ ಹಿಡಿಯುತ್ತದೆ. ಪಕ್ಕದ ಬ್ಲೇಡ್ ಉದ್ದವಾಗಿದ್ದರೆ ಗೋಡೆಯನ್ನು ದಾಟಿ ಒಳಗೆ ಬೆನ್ನುಮೂಳೆಯ ಪಕ್ಕದಲ್ಲಿರುವ ಸೋವಾಸ್ ಸ್ನಾಯುವನ್ನು ಒತ್ತುತ್ತದೆ. ತೊಡೆಯ ಮುಂಭಾಗಕ್ಕೆ ಹೋಗುವ ಫಿಮೋರಲ್ ನರ ಆ ಸ್ನಾಯುವಿನೊಳಗಿಂದಲೇ ಹಾದು, ಹೊರ ಅಂಚಿನಲ್ಲಿ ಕೆಳಕ್ಕೆ ಇಳಿಯುತ್ತದೆ. ಒತ್ತಡ ಗಂಟೆಗಟ್ಟಲೆ ಬಿದ್ದರೆ ನರಕ್ಕೆ ರಕ್ತ ಸಾಲುವುದಿಲ್ಲ. ತೆಳ್ಳಗಿನ ರೋಗಿಗಳಲ್ಲಿ ಗೋಡೆ ದಪ್ಪ ಇರುವುದಿಲ್ಲ, ಅಲ್ವಾ? ಹಾಗಾಗಿ ಅವರಿಗೇ ಅಪಾಯ ಜಾಸ್ತಿ. ಆಪರೇಷನ್ ಚೆನ್ನಾಗಿಯೇ ಮುಗಿದಿರುತ್ತದೆ. ಎದ್ದು ನಡೆಯಲು ಹೋದಾಗ ಮಂಡಿ ಕುಸಿಯುತ್ತದೆ, ತೊಡೆಯ ಮುಂಭಾಗ ಮರಗಟ್ಟಿರುತ್ತದೆ, ಮಂಡಿಯ ರಿಫ್ಲೆಕ್ಸ್ (ತಟ್ಟಿದಾಗ ಕಾಲು ಚಿಮ್ಮುವುದು) ಸಿಗುವುದಿಲ್ಲ. ಹೆಚ್ಚಿನವರಲ್ಲಿ ಇದು ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ. ಆದರೂ ಸರಿಯಾದ ಬ್ಲೇಡ್ ಆರಿಸಿದ್ದರೆ ಬಹುಪಾಲು ತಪ್ಪಿಸಬಹುದಾಗಿದ್ದ ನೋವು ಇದು. ಅದಕ್ಕೇ ಇಷ್ಟು ಬರೆದೆ. ಕೆಲಸಕ್ಕೆ ಸಾಲುವಷ್ಟೇ ಉದ್ದದ ಬ್ಲೇಡ್ ಆರಿಸಬೇಕು. ಇಟ್ಟ ಮೇಲೆ ಅದು ಸೋವಾಸ್‌ಗೆ ತಾಗುತ್ತಿಲ್ಲ ಅಂತ ಬೆರಳಿನಿಂದ ನೋಡಬೇಕು. ದೀರ್ಘ ಆಪರೇಷನ್‌ನಲ್ಲಿ ನಡುನಡುವೆ ಸಡಿಲಿಸಬೇಕು.

ಎರಡು ಉಂಗುರಗಳ ನಡುವೆ ಅಂಗಿಯ ತೋಳಿನಂಥ ತೆಳು ಪ್ಲಾಸ್ಟಿಕ್ ಇರುವ ವೂಂಡ್ ಪ್ರೊಟೆಕ್ಟರ್ (ಗಾಯದ ಅಂಚು ಕಾಯುವ ಸಾಧನ) ಬೇರೆಯೇ ದಾರಿ ಹಿಡಿಯುತ್ತದೆ. ಒಂದು ಉಂಗುರ ಒಳಗೆ, ಇನ್ನೊಂದು ಹೊರಗೆ. ಎಳೆತ ಸುತ್ತಲೂ ಹಂಚಿಹೋಗುತ್ತದೆ. ಗಾಯದ ಅಂಚು ಮುಚ್ಚಿರುವುದರಿಂದ ಸೋಂಕಿನ ಸಾಧ್ಯತೆಯೂ ತಗ್ಗುತ್ತದೆ.

ಕೊನೆಯದು, ಪರೀಕ್ಷೆಗೂ ಆಪರೇಷನ್ ಥಿಯೇಟರ್‌ಗೂ ಬೇಕಾದದ್ದು: ಬ್ಯಾಲ್ಫೋರ್ ಇಡುವಾಗಲೂ ತೆಗೆಯುವಾಗಲೂ ಬ್ಲೇಡ್ ಮತ್ತು ಹೊಟ್ಟೆಯ ಗೋಡೆಯ ನಡುವೆ ಕರುಳು ಸಿಕ್ಕಿಕೊಂಡಿಲ್ಲ ಅಂತ ಕೈಯಾಡಿಸಿ ನೋಡಬೇಕು.